ಪ್ರತಿದಿನವೂ ಎಂಟು

ಆ ಬೆಳಿಗ್ಗೆ ಮಂಜು ಕರಗಲೇ ಇಲ್ಲ. ಸೂರ್ಯ ಹುಟ್ಟಿ ಎರಡು ಗಂಟೆಯಾಗಿದ್ದರೂ ಆಸ್ಪತ್ರೆಯ ಅಂಗಳದ ದೀಪದ ಕಂಬಗಳು ಸೊಂಟದವರೆಗೆ ಮಾತ್ರ ಕಾಣುತ್ತಿದ್ದವು. ಅವುಗಳ ತಲೆ ಎಲ್ಲಿ ಹೋಯಿತೆಂದು ದೇವರೇ ಬಲ್ಲ. ಮಳೆ ಬಂದಿರಲಿಲ್ಲ, ಆದರೂ ಎಲೆ ಎಲೆಯಿಂದ ನೀರು ತೊಟ್ಟಿಕ್ಕುತ್ತಿತ್ತು. ಬೆಟ್ಟದ ದಾರಿ ಹಿಡಿದ ಆಂಬುಲೆನ್ಸ್ ಮೂರನೆಯ ತಿರುವಿನಲ್ಲಿ ನಿಂತುಬಿಟ್ಟಿತ್ತು. ನಾಲ್ಕು ಮಾರು ಮುಂದೆ ರಸ್ತೆ ಇದೆಯೋ ಪ್ರಪಾತ ಇದೆಯೋ ಚಾಲಕನಿಗೆ ತಿಳಿಯುತ್ತಿರಲಿಲ್ಲ. ಹಿಂದಕ್ಕೂ ಬರಲಾರೆ, ಮುಂದಕ್ಕೂ ಹೋಗಲಾರೆ ಎಂದು ಅವನು ಫೋನಿನಲ್ಲಿ ಹೇಳಿದ್ದ.

ಬೆಟ್ಟದ ಮೇಲಿನ ಆರೋಗ್ಯ ಕೇಂದ್ರದಲ್ಲಿದ್ದವಳು ಒಬ್ಬಳೇ ನರ್ಸ್. ನಸುಕಿನಲ್ಲಿ ಹೆರಿಗೆ ನೋವಿನಿಂದ ಬಂದ ಹೆಂಗಸಿನ ಹೊಟ್ಟೆಯಲ್ಲಿ ಮಗು ತಲೆ ಮೇಲಾಗಿ ಕೂತಿತ್ತು. ಉಳಿದದ್ದು ಒಂದೇ ದಾರಿ. ಆಸ್ಪತ್ರೆಯ ದೊಡ್ಡ ಡಾಕ್ಟರಮ್ಮ ಪಾಠದ ಕೋಣೆಯ ಕ್ಯಾಮೆರಾದ ಮುಂದೆ ಬಟ್ಟೆಯ ಗೊಂಬೆ ಹಿಡಿದು, ಎಲ್ಲಿ ಹಿಡಿಯಬೇಕು, ಎಲ್ಲಿ ಹಿಡಿಯಬಾರದು, ಯಾವಾಗ ಬರೀ ಕಾಯಬೇಕು ಎಂದು ತೋರಿಸುವುದು. ಆ ಕೈಗಳನ್ನು ತೆರೆಯ ಮೇಲೆ ನೋಡುತ್ತ ನರ್ಸ್ ತನ್ನ ಕೈ ಆಡಿಸುವುದು.

ಆ ಚಿತ್ರವನ್ನು ಬೆಟ್ಟಕ್ಕೆ ಮುಟ್ಟಿಸುವ ಯಂತ್ರ ನೆಲಮಾಳಿಗೆಯಲ್ಲಿತ್ತು. ಹನ್ನೊಂದು ದೂರದ ಕೇಂದ್ರಗಳಿಗೆ ಪಾಠಗಳನ್ನು ಕಳಿಸಲೆಂದು ಇಟ್ಟ ಸರ್ವರ್. ಅದರ ಮುಂದೆ ಕುಳಿತವಳನ್ನು ಇಡೀ ಆಸ್ಪತ್ರೆ ಅಳತೆಯಮ್ಮ ಎಂದು ಕರೆಯುತ್ತಿತ್ತು. ವಯಸ್ಸು ಮೂವತ್ತೂ ದಾಟಿರಲಿಲ್ಲ. ಅಮ್ಮ ಎನ್ನಿಸಿಕೊಂಡದ್ದು ಅವಳು ಬರೆದ ಪ್ರೋಗ್ರಾಮಿನಿಂದ. ಒಂದೊಂದು ಕೇಂದ್ರದ ಲೈನು ಒಂದೊಂದು ಬಗೆ. ಕೆಲವಕ್ಕೆ ಕಾಲುವೆಯಂಥ ಲೈನು, ಕೆಲವಕ್ಕೆ ದಾರದಂಥದ್ದು. ಒಂದೇ ಚಿತ್ರವನ್ನು ದೊಡ್ಡದರಿಂದ ಸಣ್ಣದರವರೆಗೆ ಐದು ಗಾತ್ರದಲ್ಲಿ ಸರ್ವರ್ ಸಿದ್ಧವಾಗಿಟ್ಟುಕೊಂಡಿರುತ್ತದೆ. ಯಾರಿಗೆ ಯಾವುದನ್ನು ಕಳಿಸಬೇಕು? ಅವಳ ಪ್ರೋಗ್ರಾಂ ಹತ್ತು ಸೆಕೆಂಡಿಗೊಮ್ಮೆ ಪ್ರತಿ ಕೇಂದ್ರಕ್ಕೂ ಮಾಹಿತಿಯ ಒಂದು ಪುಟ್ಟ ಕಟ್ಟನ್ನು ಕಳಿಸಿ, ಅದು ಎಷ್ಟು ಬೇಗ ಹೋಯಿತೆಂದು ನೋಡಿ, ಆ ಲೈನಿನ ತಾಕತ್ತನ್ನು ಒಂದು ಅಂಕಿಯಲ್ಲಿ ಬರೆಯುತ್ತಿತ್ತು. ಅಂಕಿ ದೊಡ್ಡದಿದ್ದರೆ ದೊಡ್ಡ ಚಿತ್ರ, ಸಣ್ಣದಿದ್ದರೆ ಸಣ್ಣ ಚಿತ್ರ.

ಬೆಟ್ಟದ ಕೇಂದ್ರದ ಎದುರು ಅಂಕಿ ಎಂಟು ಎಂದಿತ್ತು. ಸೆಕೆಂಡಿಗೆ ಎಂಟು ಮೆಗಾಬಿಟ್, ಅಂದರೆ ಧಾರಾಳ. ಆದರೂ ಬೆಟ್ಟದಲ್ಲಿ ಚಿತ್ರ ನಿಂತುಹೋಗಿತ್ತು.

ಕೋಣೆಯ ಹೊರಗೆ, ಮೆಟ್ಟಿಲ ಕೆಳಗಿನ ಸಣ್ಣ ಮೇಜಿನಲ್ಲಿ ದೂರುಗಳ ಫೋನ್ ಹಿಡಿದು ಕುಳಿತವರು ತಂತಿ ಮಾಮ. ಇಪ್ಪತ್ತೆರಡು ವರ್ಷ ಈ ಆಸ್ಪತ್ರೆಯ ತಂತಿಗಳನ್ನೆಲ್ಲ ಎಳೆದವರು, ಕಟ್ಟಿದವರು, ಬೆಟ್ಟ ಹತ್ತಿ ತುಂಡಾದದ್ದನ್ನು ಜೋಡಿಸಿದವರು. ಫೋನಿನ ಆ ತುದಿಯಲ್ಲಿದ್ದ ನರ್ಸ್ ಅವರ ಮಗಳು. ಚಿತ್ರ ಹೋಗುವ ಅದೇ ತಾಮ್ರದ ತಂತಿಯ ಮೇಲೆ ಮಾತೂ ಹೋಗುತ್ತಿತ್ತು. ಮಾತಿಗೆ ಅದರಲ್ಲಿ ಬೇರೆಯೇ ಜಾಗವಿದ್ದುದರಿಂದ ಮಾತು ಮಾತ್ರ ನಿಂತಿರಲಿಲ್ಲ.

"ಅಪ್ಪಾ, ನಿಮ್ಮ ಡಾಕ್ಟರಮ್ಮನ ಕೈ ಗಾಳಿಯಲ್ಲೇ ನಿಂತಿದೆ. ಐದು ನಿಮಿಷದಿಂದ ಅದೇ ಭಂಗಿ. ಫೋಟೋ ತೆಗೆಸ್ಕೊಳ್ತಿದ್ದಾರಾ?"

"ನಗ್ತೀಯಲ್ಲ ಮಗಳೇ, ಧೈರ್ಯ ಇದೆ ಅಂತಾಯ್ತು."

"ಧೈರ್ಯ ಇಲ್ಲ, ಅದಕ್ಕೇ ನಗ್ತಿರೋದು. ಇದನ್ನ ನಾನು ಪುಸ್ತಕದಲ್ಲಿ ಓದಿದ್ದೀನಿ ಅಷ್ಟೇ ಅಪ್ಪ, ಕೈಯಲ್ಲಿ ಮಾಡಿಲ್ಲ. ಬೇಗ ಏನಾದರೂ ಮಾಡಿಸಿ."

ಮಾಮ ಫೋನನ್ನು ಎದೆಗೆ ಒತ್ತಿಕೊಂಡು ಬಾಗಿಲಿನತ್ತ ನೋಡಿದರು. ಒಳಗೆ ಬರಲಿಲ್ಲ. ಹೊಸ್ತಿಲ ಆಚೆಗೇ ನಿಂತರು. ಒಂದು ವರ್ಷದಿಂದ ಅವರು ಆ ಹೊಸ್ತಿಲನ್ನು ದಾಟಿರಲಿಲ್ಲ.

ಕಳೆದ ವರ್ಷ ಬೆಟ್ಟದಲ್ಲಿ ಪಾಠಗಳು ಪದೇ ಪದೇ ನಿಂತುಹೋಗುತ್ತಿದ್ದಾಗ ಮುಖ್ಯಸ್ಥರು ಕಾರಣ ಕೇಳಿದ್ದರು. ಮಾಮ ಅಂದದ್ದು ಒಂದೇ ಮಾತು: ಅಷ್ಟುದ್ದದ ಹಳೆಯ ತಾಮ್ರ, ಅದಕ್ಕೆ ಅಷ್ಟು ದೊಡ್ಡ ಚಿತ್ರ ಹೊರಲು ಆಗುವುದಿಲ್ಲ. ಅಳತೆಯಮ್ಮ ವರದಿ ಬರೆದಳು. ಲೈನಿನಲ್ಲಿ ಎಂಟು ಮೆಗಾಬಿಟ್ ಹರಿಯುತ್ತಿದೆ. ಆದರೂ ಚಿತ್ರ ನಿಲ್ಲುವುದರಿಂದ ಜೋಡಣೆಗಳ ದುರಸ್ತಿ ಸರಿಯಾಗಿಲ್ಲವೆಂದೇ ತಿಳಿಯಬೇಕು. ಅವಳಿಗೆ ಮಾಮನ ಮೇಲೆ ಯಾವ ಹಗೆಯೂ ಇರಲಿಲ್ಲ. ಅಂಕಿ ಹಾಗೆ ಹೇಳಿತು, ಅವಳು ಹಾಗೆ ಬರೆದಳು. ಆ ವಾರವೇ ಸರ್ವರ್ ಕೋಣೆಯ ಬೀಗದ ಕೈ ಮಾಮನ ಕೈಯಿಂದ ಅವಳ ಕೈಗೆ ಬಂತು, ಮಾಮನಿಗೆ ಮೆಟ್ಟಿಲ ಕೆಳಗಿನ ಮೇಜು ಬಂತು. ಬೀಗದ ಕೈಗೆ ಅವರು ಕಟ್ಟಿದ್ದ ಹಸಿರು ದಾರ ಜಿಡ್ಡು ಹಿಡಿದಿತ್ತು. ಅವಳು ಅದನ್ನು ಬಿಚ್ಚಿ ಡ್ರಾಯರಿನಲ್ಲಿ ಹಾಕಿ, ಬೀಗದ ಕೈಯನ್ನು ಹೊಸ ಉಂಗುರಕ್ಕೆ ಸೇರಿಸಿಕೊಂಡಿದ್ದಳು.

ಪಾಠದ ಕೋಣೆಯಿಂದ ಡಾಕ್ಟರಮ್ಮನ ಧ್ವನಿ ಸ್ಪೀಕರಿನಲ್ಲಿ ಬಂತು. "ನನಗೆ ಅರ್ಧ ಗಂಟೆ ಇದೆ. ಹೆಚ್ಚೆಂದರೆ ನಲವತ್ತು ನಿಮಿಷ. ಮಗುವಿನ ಸೊಂಟ ಹೊರಗೆ ಬಂದ ಮೇಲೆ ಯೋಚನೆ ಮಾಡೋಕೆ ಸಮಯ ಸಿಗಲ್ಲ. ಅಷ್ಟರೊಳಗೆ ನನ್ನ ಕೈ ಆ ಹುಡುಗಿಗೆ ಕಾಣಬೇಕು. ಬಾಯಲ್ಲಿ ಹೇಳಿದರೆ ತಿಳಿಯೋ ಕೆಲಸ ಅಲ್ಲ ಇದು."

ಅಳತೆಯಮ್ಮ ಬೆಟ್ಟದ ಲೈನಿಗೆ ಕೈಯಾರೆ ಎಲ್ಲಕ್ಕಿಂತ ಸಣ್ಣ ಚಿತ್ರವನ್ನು ಹಾಕಿದಳು.

"ಏನಾಯ್ತು ಮಗಳೇ?" ಮಾಮ ಫೋನಿಗೆ ಕೇಳಿದರು.

"ಈಗ ಕೈ ಆಡ್ತಿದೆ. ಆದರೆ ಬೆರಳೇ ಇಲ್ಲ. ಕೈಗವಸು ಹಾಕ್ಕೊಂಡಿದ್ದಾರಾ, ತಲೆದಿಂಬು ಹಾಕ್ಕೊಂಡಿದ್ದಾರಾ? ಹೆಬ್ಬೆರಳು ಎಲ್ಲಿಟ್ಟರು ಅನ್ನೋದೇ ತಾನೆ ನನಗೆ ಬೇಕಾಗಿರೋದು... ಅಯ್ಯೋ. ಮತ್ತೆ ನಿಂತಿತು."

ಹತ್ತು ಸೆಕೆಂಡ್ ಆಗಿತ್ತು. ಪ್ರೋಗ್ರಾಂ ಮತ್ತೊಮ್ಮೆ ಅಳೆದು, ಎಂಟು ಎಂದು ಬರೆದು, ತಾನೇ ದೊಡ್ಡ ಚಿತ್ರಕ್ಕೆ ಏರಿಸಿಬಿಟ್ಟಿತ್ತು. ಅವಳು ಇಳಿಸಿದಳು. ಅದು ಏರಿಸಿತು. ಮತ್ತೆ ಇಳಿಸಿದಳು, ಮತ್ತೆ ಏರಿಸಿತು. ತಾನೇ ಸಾಕಿದ ಎತ್ತು ತನ್ನನ್ನೇ ಗದ್ದೆಯ ತುಂಬ ಎಳೆದಾಡಿದಂತಾಯಿತು.

"ಜೋಡಣೆಯೇ ಇರಬೇಕು," ಎಂದಳು, ಯಾರ ಮುಖವನ್ನೂ ನೋಡದೆ. "ಮಂಜಿಗೆ ನೀರಿಳಿದಿರಬೇಕು. ಲೈನಿನಲ್ಲಿ ಎಂಟು ಇದೆ ಮಾಮ. ಈಗಲೂ ಎಂಟೇ ಇದೆ."

ಮಾಮನಿಗೆ ಸಿಟ್ಟು ಬಂದಿದ್ದರೆ ಅದನ್ನು ಎಲ್ಲಿಟ್ಟರೋ ಕಾಣಲಿಲ್ಲ.

"ತಾಯಿ, ಒಂದು ಮಾತು ಕೇಳ್ತೀನಿ, ಬೇಜಾರು ಮಾಡ್ಕೋಬೇಡಿ. ಇವತ್ತು ಮಂಜು, ಎಂಟು. ನಿನ್ನೆ ಎಷ್ಟಿತ್ತು?"

"ಎಂಟು."

"ಹೋದ ತಿಂಗಳು ಬಿಸಿಲು ಸುಡ್ತಿತ್ತಲ್ಲ, ಆಗ?"

"...ಎಂಟು."

"ಗಾಳಿಗೆ ಮರ ಬಿದ್ದು ತಂತಿ ಜಗ್ಗಿತ್ತಲ್ಲ, ಆವತ್ತು?"

ಅವಳು ಪಟ್ಟಿಯನ್ನು ಹಿಂದಕ್ಕೆ ಸರಿಸಿದಳು. ಎಂಟು. ಎಂಟು. ಎಂಟು. ಎಂಟು ಚುಕ್ಕೆ ಸೊನ್ನೆ, ಒಂದು ಕೂದಲೆಳೆಯಷ್ಟೂ ಆಚೀಚೆ ಇಲ್ಲ.

"ಇಪ್ಪತ್ತೆರಡು ವರ್ಷ ಆ ತಂತಿ ಮುಟ್ಟಿದ್ದೀನಿ," ಎಂದರು ಮಾಮ. "ಬೆಳಿಗ್ಗೆ ಇದ್ದ ಹಾಗೆ ಅದು ಮಧ್ಯಾಹ್ನ ಇರಲ್ಲ. ಬಿಸಿಲಿಗೆ ಉದ್ದ ಆಗುತ್ತೆ, ಚಳಿಗೆ ಬಿಗಿಯಾಗುತ್ತೆ. ದೇವರು ಮಾಡಿದ ಯಾವ ವಸ್ತು ತಾಯಿ ದಿನಾ ಒಂದೇ ಥರ ಇರುತ್ತೆ? ನಿಮ್ಮ ಎಂಟು ಮಾತ್ರ ಹೇಗೆ ಹಾಗೇ ಕೂತಿದೆ?"

ಕೆಲವು ಪ್ರಶ್ನೆಗಳು ಬಾಗಿಲು ಬಡಿಯುವುದಿಲ್ಲ. ಒಳಗೇ ಇದ್ದು, ದೀಪ ಹಚ್ಚಿದಾಗ ಕಾಣಿಸಿಕೊಳ್ಳುತ್ತವೆ. ಅವಳಿಗೆ ತನ್ನ ಪ್ರೋಗ್ರಾಮಿನ ಒಂದು ಸಾಲು ನೆನಪಾಯಿತು. ಎಂಟಕ್ಕಿಂತ ಹೆಚ್ಚು ಬಂದರೆ ಎಂಟೆಂದೇ ಬರೆ ಎಂದು ಅವಳೇ ಬರೆದಿದ್ದಳು. ಅದಕ್ಕಿಂತ ದೊಡ್ಡ ಚಿತ್ರ ಇರಲಿಲ್ಲವಲ್ಲ, ಹೆಚ್ಚಿನ ಲೆಕ್ಕ ಯಾಕೆಂದು. ಆ ಸಾಲನ್ನು ಪಕ್ಕಕ್ಕಿಟ್ಟು, ನಿಜವಾಗಿ ಬಂದ ಅಂಕಿ ಯಾವುದೆಂದು ನೋಡಿದಳು. ಬೆಟ್ಟದ ದಾರದಂಥ ಲೈನಿಗೆ ಪ್ರೋಗ್ರಾಂ ಅಳೆದದ್ದು ಒಂಬೈನೂರು ಮೆಗಾಬಿಟ್. ಪಕ್ಕದ ಪೇಟೆಯ ಕೇಂದ್ರಕ್ಕೂ ಒಂಬೈನೂರು. ಹನ್ನೊಂದಕ್ಕೂ ಹೆಚ್ಚುಕಡಿಮೆ ಅಷ್ಟೇ.

ಪುಟ್ಟ ಕಟ್ಟು ಸರ್ವರನ್ನು ಬಿಟ್ಟು ಹೊರಟೇ ಇರಲಿಲ್ಲ. ಸರ್ವರಿನೊಳಗೇ, ಹೊರಡುವ ಮುನ್ನ ಸರಕು ಕಾಯುವ ಒಂದು ಜಾಗವಿದೆ. ಕಟ್ಟು ಅಲ್ಲಿಗೆ ಬಿದ್ದೊಡನೆ ಯಂತ್ರ 'ತೆಗೆದುಕೊಂಡೆ' ಎನ್ನುತ್ತದೆ. ಅವಳ ಪ್ರೋಗ್ರಾಂ ಅದನ್ನೇ 'ತಲುಪಿತು' ಎಂದುಕೊಂಡಿತ್ತು. ಅಂಚೆಪೆಟ್ಟಿಗೆಗೆ ಕಾಗದ ಹಾಕಿದ ಸಪ್ಪಳ ಕೇಳಿ, ಓದಿದವರು ಅತ್ತರೋ ನಕ್ಕರೋ ಎಂದು ಬರೆದಿಟ್ಟ ಹಾಗೆ. ಪೇಟೆಯ ಲೈನುಗಳು ಅಗಲವಾದ್ದರಿಂದ ಅಲ್ಲಿ ತಪ್ಪು ಬಯಲಾಗಲಿಲ್ಲ. ಬೆಟ್ಟದಲ್ಲಿ ಬಯಲಾಯಿತು, ಆದರೆ ಅದು ಬಂದು ಕೂತದ್ದು ಬೇರೊಬ್ಬರ ಹೆಗಲ ಮೇಲೆ.

"ಅಪ್ಪಾ," ಫೋನಿನಲ್ಲಿ ಮಗಳು, ಈಗ ನಗುವಿರಲಿಲ್ಲ. "ನೋವು ಹತ್ತಿರ ಹತ್ತಿರ ಬರ್ತಿದೆ. ಮೂರು ನಿಮಿಷಕ್ಕೊಂದು."

ಅಳತೆಯ ಪ್ರೋಗ್ರಾಮನ್ನು ಬೆಟ್ಟದ ಲೈನಿನಿಂದ ಬಿಡಿಸಬೇಕಿತ್ತು. ಆದರೆ ನೇರಪ್ರಸಾರ ನಡೆಯುವಾಗ ಮುಖ್ಯಸ್ಥರ ಅಪ್ಪಣೆಯಿಲ್ಲದೆ ಅದನ್ನು ಯಾರೂ ಮುಟ್ಟುವಂತಿರಲಿಲ್ಲ. ಆ ನಿಯಮವನ್ನು ಬರೆದವಳೂ ಅವಳೇ. ಮುಖ್ಯಸ್ಥರು ಪಾಠದ ಕೋಣೆಯಲ್ಲಿ ಡಾಕ್ಟರಮ್ಮನ ಪಕ್ಕದಲ್ಲೇ ಇದ್ದರು. ಅವಳು ಆಸ್ಪತ್ರೆಯೊಳಗಿನ ಫೋನ್ ಎತ್ತಿದಳು.

"ಸಾರ್, ಅಳತೆಯನ್ನು ಬೆಟ್ಟಕ್ಕೆ ನಿಲ್ಲಿಸಬೇಕು. ಈಗಲೇ."

"ಯಾಕೆ? ಲೈನಿನದ್ದು ತಾನೆ ತೊಂದರೆ? ಇನ್ನು ಹತ್ತು ಕೇಂದ್ರ ಅದೇ ಸರ್ವರಿನ ಮೇಲಿದೆ. ಎಲ್ಲಾ ಕೆಡಿಸ್ಕೊಂಡು ಕೂತ್ಕೊಳ್ಳೋಣ್ವಾ?"

"ಲೈನಿನದ್ದಲ್ಲ ಸಾರ್."

"ಎಂಟು ಅಂತ ವರ್ಷದಿಂದ ಬರೆದು ಕೊಟ್ಟೋರು ನೀವೇ ಅಲ್ವೇನಮ್ಮಾ?"

ಇಲ್ಲಿ ಒಂದು ಸುಳ್ಳಿಗೆ ಜಾಗವಿತ್ತು. ಮಂಜಿಗೆ ಏನೋ ಕೆಟ್ಟಿದೆ ಎನ್ನಬಹುದಿತ್ತು. ಹೊಸ ತೊಂದರೆ, ಈಗಷ್ಟೇ ಶುರುವಾಗಿದೆ ಎನ್ನಬಹುದಿತ್ತು. ಅಪ್ಪಣೆಯೂ ಸಿಗುತ್ತಿತ್ತು, ಹೆಸರೂ ಉಳಿಯುತ್ತಿತ್ತು. ಹೊಸ್ತಿಲ ಆಚೆ ಮಾಮ ಫೋನು ಹಿಡಿದು ಕಣ್ಣು ಮುಚ್ಚಿದ್ದರು, ತುಟಿ ಅಲುಗುತ್ತಿತ್ತು. ಪ್ರಾರ್ಥನೆ ಮಾಡುತ್ತಿದ್ದರು. ಅವಳಿಗಾಗಿ ಅಲ್ಲ, ಬೆಟ್ಟದ ಮೇಲಿನ ಯಾರೋ ಹೆಂಗಸಿಗಾಗಿ. ಆದರೂ ಆ ಪ್ರಾರ್ಥನೆಯ ಒಂದು ಹನಿ ಅವಳ ಮೇಲೂ ಬಿದ್ದಿರಬೇಕು.

"ಅದು ತಪ್ಪು ಸಾರ್. ಎಂಟು ಯಾವತ್ತೂ ಇರಲೇ ಇಲ್ಲ. ನನ್ನ ಪ್ರೋಗ್ರಾಂ ಒಂದು ವರ್ಷದಿಂದ ತಪ್ಪು ಅಳೆದಿದೆ. ತಂತಿ ಮಾಮ ಹೇಳಿದ್ದೇ ಸರಿ."

ಮುಖ್ಯಸ್ಥರು ಬಾಯಿ ತೆರೆಯುವ ಮೊದಲೇ ಡಾಕ್ಟರಮ್ಮನ ಗದರುವ ಧ್ವನಿ ಕೇಳಿತು: "ಪಂಚಾಯ್ತಿ ಆಮೇಲೆ ಮಾಡ್ಕೊಳ್ಳಿ ರೀ! ನಿಲ್ಲಿಸ್ಬೇಕು ಅಂತಿದ್ದಾಳೆ, ನಿಲ್ಸು ಅನ್ನಿ!"

"ನಿಲ್ಲಿಸಿ," ಎಂದರು ಮುಖ್ಯಸ್ಥರು.

ಬೆಟ್ಟದ ಲೈನು ಅಳತೆಯಿಂದ ಬಿಡುಗಡೆಯಾಯಿತು. ಈಗ ನಿಜದ ಅಂಕಿ ಬೇಕು. ಸಣ್ಣ ಚಿತ್ರಕ್ಕೆ ಬೆರಳಿಲ್ಲ, ದೊಡ್ಡದಕ್ಕೆ ಉಸಿರಿಲ್ಲ. ನಡುವೆ ಎಲ್ಲಿ ನಿಲ್ಲಬೇಕೆಂದು ಊಹಿಸುತ್ತ ಕೂರಲು ಸಮಯವಿರಲಿಲ್ಲ. ಬೆಟ್ಟದ ತೆರೆಯ ಪ್ರೋಗ್ರಾಮಿಗೆ, ಬಂದದ್ದಕ್ಕೆ 'ಬಂತು' ಎಂದು ಮರುತ್ತರ ಕೊಡುವ ಗುಣ ಮೊದಲಿನಿಂದಲೂ ಇತ್ತು. ಯಾರೂ ಅದನ್ನು ಕೇಳಿರಲಿಲ್ಲ, ಅದೂ ಹೇಳಿರಲಿಲ್ಲ. ಅವಳು ಹದಿನೈದು ಸಾಲಿನ ಒಂದು ಪುಟ್ಟ ಪ್ರೋಗ್ರಾಂ ಬರೆಯತೊಡಗಿದಳು. ಮೊದಲು ಬರಿಗೈಯ ಒಂದು ಕೂಗು: ಇದ್ದೀಯಾ? ಅದಕ್ಕೆ ಉತ್ತರ ಬರಲು ಎಷ್ಟು ಹೊತ್ತು ಹಿಡಿಯಿತೆಂದು ಗುರುತಿಟ್ಟುಕೊಳ್ಳಬೇಕು. ಆಮೇಲೆ ಒಂದು ಕಟ್ಟು. ಅದರ ಕೊನೆಯ ಚೂರು ಮುಟ್ಟಿ, ಬೆಟ್ಟದಿಂದಲೇ 'ಬಂತು' ಎಂಬ ಉತ್ತರ ಬರುವವರೆಗೆ ಗಡಿಯಾರ ನಿಲ್ಲಿಸಬಾರದು. ಬರಿಗೈಯ ಕೂಗಿನ ಹೊತ್ತನ್ನು ಕಳೆದು ಭಾಗಿಸಬೇಕು. ಆಮೇಲೆ ಇನ್ನೂ ದೊಡ್ಡ ಕಟ್ಟು, ಮತ್ತೆ ಅದೇ ಲೆಕ್ಕ.

ಒಂದು ಕಡೆ ಆವರಣಚಿಹ್ನೆ ಮರೆತಳು. ಪ್ರೋಗ್ರಾಂ ಕೆಂಪಗಾಗಿ ಬೈದಿತು. ತಿದ್ದಿದಳು.

"ಮಾಮ, ಅಳೆಯೋವಾಗ ಲೈನಿನಲ್ಲಿ ಬೇರೇನೂ ಇರಬಾರದು. ಚಿತ್ರ ನಿಲ್ಲಿಸಬೇಕಾಗುತ್ತೆ. ಹತ್ತು ಸೆಕೆಂಡ್ ತೆರೆ ಕಪ್ಪಗಾಗುತ್ತೆ ಅಂತ ಹೇಳಿ."

ಮಾಮ ಹೇಳಿದರು. ಆ ಕಡೆಯಿಂದ ಒಂದು ಹೆಂಗಸಿನ ನರಳಾಟ ಕೇಳಿತು, ಅದರ ಮೇಲೆ ನರ್ಸಿನ ಧ್ವನಿ: "ಈಗ ಬೇಡ, ಈಗ ಬೇಡ! ಈ ನೋವು ಹೋಗಲಿ... ತಡೀರಿ... ಅಕ್ಕಾ, ಉಸಿರು ತಗೊಳ್ಳಿ, ನನ್ನನ್ನೇ ನೋಡಿ... ಹಾಂ. ಈಗ. ಹತ್ತೇ ಸೆಕೆಂಡ್ ಅಪ್ಪ, ಹನ್ನೊಂದಾದರೆ ಬೆಟ್ಟ ಇಳಿದು ಬಂದು ಜಗಳ ಆಡ್ತೀನಿ."

ಅಳತೆಯಮ್ಮ ಚಿತ್ರ ನಿಲ್ಲಿಸಿದಳು. ಕೂಗು ಹೋಯಿತು, ಉತ್ತರ ಬಂತು. ಮೊದಲ ಕಟ್ಟು ಹೋಯಿತು. ಕೋಣೆಯಲ್ಲಿ ಫ್ಯಾನುಗಳ ಮೊರೆತ ಬಿಟ್ಟರೆ ಸದ್ದಿಲ್ಲ. ಬಂತು. ದೊಡ್ಡ ಕಟ್ಟು ಹೋಯಿತು. ಏನೂ ಬರಲಿಲ್ಲ. ಮಾಮ ತಮಗೆ ತಿಳಿಯದಂತೆಯೇ ಹೊಸ್ತಿಲು ದಾಟಿ ಅವಳ ಬೆನ್ನ ಹಿಂದೆ ಬಂದು ನಿಂತಿದ್ದರು. ಬಂತು.

ಅಂಕಿ ತೆರೆಯ ಮೇಲೆ ಮೂಡಿತು. ಎಂಟಲ್ಲ, ಒಂದೂ ಅಲ್ಲ. ಸೊನ್ನೆ ಚುಕ್ಕೆ ಐದು.

"ಒಣಗಿದ ದಿನ ಇನ್ನೂ ಚೂರು ಜಾಸ್ತಿ ಬರುತ್ತೆ," ಎಂದರು ಮಾಮ ಮೆಲ್ಲಗೆ, ಬಡ ಮಗುವಿನ ಪರವಾಗಿ ಮಾತಾಡುವವರಂತೆ.

ಕೆಳಗಿನಿಂದ ಎರಡನೆಯ ಗಾತ್ರದ ಚಿತ್ರಕ್ಕೇ ಸರಿಯಾಗಿ ಅರ್ಧ ಮೆಗಾಬಿಟ್ ಬೇಕು. ಅದರಲ್ಲಿ ಬೆರಳು ಕಾಣುತ್ತವೆ. ಆದರೆ ಲೈನಿನಲ್ಲಿ ಇರುವುದೂ ಅರ್ಧವೇ. ಮಂಜು ಇನ್ನೊಂದು ಹನಿ ಇಳಿದರೆ ಮತ್ತೆ ನಿಲ್ಲುತ್ತದೆ. ಅವಳು ಒಳಗಿನ ಫೋನಿಗೆ ಕೂಗಿದಳು.

"ಡಾಕ್ಟರಮ್ಮಾ, ಕೈಯನ್ನ ತುಂಬಾ ನಿಧಾನ ಆಡಿಸ್ತೀರಾ? ಸೆಕೆಂಡಿಗೆ ಕಳಿಸೋ ಚಿತ್ರಗಳನ್ನ ಅರ್ಧ ಮಾಡ್ತೀನಿ. ಬೆರಳು ಸ್ಪಷ್ಟ ಇರುತ್ತೆ, ಆದರೆ ಬೇಗ ಆಡಿಸಿದರೆ ಕುಪ್ಪಳಿಸುತ್ತೆ."

"ಮೂವತ್ತು ವರ್ಷದಿಂದ ನನ್ನ ವಿದ್ಯಾರ್ಥಿಗಳಿಗೆ ಇದನ್ನೇ ಬಡ್ಕೊಂಡಿದ್ದೀನಿ ಕಣಮ್ಮಾ, ಈ ಹೆರಿಗೆಯಲ್ಲಿ ಅವಸರ ಮಾಡಬೇಡಿ ಅಂತ. ನಿನ್ನ ಲೈನೂ ಅದನ್ನೇ ಹೇಳ್ತಿದೆ. ಹಾಕು."

ಹಾಕಿದಳು.

ಫೋನಿನಲ್ಲಿ ಮಗಳು ಕೂಗಿದಳು:

"ಉಗುರು ಕಾಣ್ತಿದೆ ಅಪ್ಪ! ಡಾಕ್ಟರಮ್ಮನ ಉಗುರು ಕಾಣ್ತಿದೆ!"

ಆಮೇಲಿನ ಇಪ್ಪತ್ತೈದು ನಿಮಿಷ ಯಾರೂ ಕುಳಿತುಕೊಳ್ಳಲಿಲ್ಲ. ಡಾಕ್ಟರಮ್ಮ ಗೊಂಬೆಯ ಸೊಂಟದ ಮೂಳೆಯ ಮೇಲೆ ಹೆಬ್ಬೆರಳಿಟ್ಟು, ನೀರಿನಡಿಯ ಮೀನಿನಷ್ಟು ಮೆಲ್ಲಗೆ ಕೈ ತಿರುಗಿಸಿದರು. "ಎಳೀಬೇಡ. ಕೈ ಕಟ್ಕೊಂಡು ನೋಡು. ಅದು ತಾನಾಗೇ ಬರಲಿ." ಅಳತೆಯಮ್ಮ ಎರಡು ನಿಮಿಷಕ್ಕೊಮ್ಮೆ, ನೋವು ಇಳಿದ ಹೊತ್ತು ನೋಡಿ, ಮಾಮನಿಂದ ಕೇಳಿಕೊಂಡು, ಚಿತ್ರ ನಿಲ್ಲಿಸಿ ಅಳೆದಳು. ಸೊನ್ನೆ ಚುಕ್ಕೆ ಐದು. ಸೊನ್ನೆ ಚುಕ್ಕೆ ನಾಲ್ಕು ಐದು. ಒಮ್ಮೆ ಸೊನ್ನೆ ಚುಕ್ಕೆ ನಾಲ್ಕಕ್ಕೆ ಇಳಿಯಿತು. ಚಿತ್ರಗಳನ್ನು ಇನ್ನಷ್ಟು ಕಡಿಮೆ ಮಾಡಿದಳು. ಡಾಕ್ಟರಮ್ಮ ಇನ್ನಷ್ಟು ನಿಧಾನವಾದರು. ಬೆಟ್ಟ, ಮಂಜು, ತಾಮ್ರ ಎಲ್ಲವೂ ಒಂದೇ ಉಸಿರಿನಲ್ಲಿ ಏರಿಳಿಯುತ್ತಿದ್ದಂತೆ ಅವಳಿಗನ್ನಿಸಿತು. ಅಳತೆ ಎಂದರೆ ತೀರ್ಪಲ್ಲ, ಬರೀ ಕಿವಿಗೊಡುವುದು ಎಂದು ಆ ಹೊತ್ತಿನಲ್ಲಿ ಅವಳಿಗೆ ಹೊಳೆಯಿತು. ಹೊಳೆದದ್ದನ್ನು ಯೋಚಿಸಲು ಸಮಯವಿರಲಿಲ್ಲ.

"ತೋಳು ಬಂತು... ಇನ್ನೊಂದು... ಡಾಕ್ಟರಮ್ಮಾ, ಕತ್ತಿನ ಹಿಂದೆ ಬೆರಳಿಡೋದು ಇನ್ನೊಂದ್ಸಲ ತೋರಿಸಿ."

ಮಾಮ ಆ ಮಾತನ್ನು ಒಳಗಿನ ಫೋನಿಗೆ ಹೇಳಿದರು, ಡಾಕ್ಟರಮ್ಮ ಇನ್ನೊಮ್ಮೆ ತೋರಿಸಿದರು. ಬೆರಳು ಕುಪ್ಪಳಿಸಲಿಲ್ಲ, ನಿಲ್ಲಲಿಲ್ಲ.

ಮೌನ. ಅದು ಎಷ್ಟು ಉದ್ದವಿತ್ತೆಂದು ಆಮೇಲೆ ಕೇಳಿದರೆ ಒಬ್ಬೊಬ್ಬರು ಒಂದೊಂದು ಹೇಳಿದರು. ಆ ಮೌನದ ಕೊನೆಗೆ, ಹಳೆಯ ತಾಮ್ರದ ತಂತಿಯ ಮೇಲೆ, ಒಂದು ಸಿಟ್ಟಿನ ಸಣ್ಣ ಕೂಗು ಬೆಟ್ಟ ಇಳಿದು ಬಂತು.

"ಹೆಣ್ಣು," ಎಂದಳು ನರ್ಸ್. ಅವಳು ಅಳುತ್ತಿದ್ದಳು. "ಬಯ್ತಾ ಬಯ್ತಾನೇ ಬಂದಿದ್ದಾಳೆ ಅಪ್ಪ. ಬಾಣಂತಿನೂ ಚೆನ್ನಾಗಿದ್ದಾಳೆ."

ತಂತಿ ಮಾಮ ಫೋನನ್ನು ಕಿವಿಯಿಂದ ತೆಗೆದು ಎರಡೂ ಕೈಯಲ್ಲಿ ಹಿಡಿದುಕೊಂಡು ನಿಂತರು. ಆಮೇಲೆ ತಾವು ಎಲ್ಲಿ ನಿಂತಿದ್ದೇವೆಂದು ನೋಡಿಕೊಂಡು, ಮೆಲ್ಲಗೆ ಹೊಸ್ತಿಲ ಆಚೆಗೆ ಹೋದರು.

ಮಧ್ಯಾಹ್ನ ಮಂಜು ಕರಗಿತು. ಅಂಗಳದ ಕಂಬಗಳಿಗೆ ಅವುಗಳ ತಲೆ ಮರಳಿ ಬಂತು. ಆಂಬುಲೆನ್ಸ್ ಬೆಟ್ಟ ಹತ್ತಿತು. ಅಳತೆಯಮ್ಮ ಹೊಸ ರೀತಿಯಲ್ಲಿ ಹನ್ನೊಂದೂ ಕೇಂದ್ರಗಳನ್ನು ಅಳೆದಳು. ಬೆಟ್ಟವೊಂದೇ ಅಲ್ಲ, ಇನ್ನೆರಡು ಕೇಂದ್ರಗಳೂ ಒಂದು ವರ್ಷದಿಂದ ಹೊರಲಾರದ್ದನ್ನು ಹೊತ್ತಿದ್ದವು; ಅವು ದೂರನ್ನೂ ಕೊಟ್ಟಿರಲಿಲ್ಲ. ಹಳೆಯ ವರದಿಯನ್ನು ತೆರೆದು, ತನ್ನ ಹೆಸರಿನ ಕೆಳಗೇ, ಇದರಲ್ಲಿನ ಅಳತೆಗಳೆಲ್ಲ ತಪ್ಪು, ತಂತಿಯ ದುರಸ್ತಿಯಲ್ಲಿ ಯಾವ ಲೋಪವೂ ಇರಲಿಲ್ಲ ಎಂದು ಬರೆದು ಮುಖ್ಯಸ್ಥರಿಗೆ ಕಳಿಸಿದಳು. ಅವರು ಫೋನ್ ಮಾಡಿದರು.

"ಓದಿದೆ. ಕೋಣೆಯ ವಿಷಯ ನಾನೇ ಒಂದು ಪತ್ರ ಬರೀತೀನಿ, ನಾಳೆ ನಾಡಿದ್ದರಲ್ಲಿ..."

"ಪತ್ರ ನೀವು ಬರೀರಿ ಸಾರ್. ಅಲ್ಲಿವರೆಗೆ ನಾನು ಕಾಯಲ್ಲ."

ಡ್ರಾಯರಿನ ಮೂಲೆಯಲ್ಲಿ ಹಸಿರು ದಾರ ಇನ್ನೂ ಇತ್ತು. ಬೀಗದ ಕೈಯನ್ನು ತನ್ನ ಉಂಗುರದಿಂದ ಬಿಡಿಸಿ ದಾರಕ್ಕೆ ಕಟ್ಟಿದಳು. ಮಾಮನ ಗಂಟು ಹೇಗಿತ್ತೋ ಅವಳಿಗೆ ಬರಲಿಲ್ಲ; ಎರಡು ಸಲ ಬಿಚ್ಚಿ ಮೂರನೆಯ ಸಲ ಬಂದಂತೆ ಕಟ್ಟಿದಳು.

ಮೆಟ್ಟಿಲ ಕೆಳಗೆ ಮಾಮ ದೂರುಗಳ ಪುಸ್ತಕ ಬರೆಯುತ್ತಿದ್ದರು. ಬೆಟ್ಟದ ಕೇಂದ್ರ, ಚಿತ್ರ ನಿಂತಿದೆ ಎಂಬ ಬೆಳಗಿನ ಸಾಲಿನ ಮುಂದೆ, ಸರಿಯಾಯಿತು ಎಂದು ದುಂಡಗೆ ಬರೆದು, ಶಾಯಿ ಆರಲೆಂದು ಊದುತ್ತಿದ್ದರು. ಅವಳು ಬಂದು ನಿಂತದ್ದನ್ನು ನೋಡಿ ಪೆನ್ನು ಕೆಳಗಿಟ್ಟರು.

ಅವಳು ಬಗ್ಗಿ, ಬೀಗದ ಕೈಯನ್ನು ಸದ್ದಾಗದಂತೆ ಅವರ ಅಂಗೈಯಲ್ಲಿಟ್ಟಳು.